ಒಂದು ಗೇಣು ಹೊಲಿಗೆ

"ಹುಟ್ಟಿದಾಗ್ಲಿಂದ್ಲೇ ಹಿಂಗಾ, ಇಲ್ಲ ಆಮೇಲೆ ಆಗಿದ್ದಾ?"

ಕೇಳಿದ ಹೆಂಗಸು ಉತ್ತರಕ್ಕೆ ಕಾಯಲಿಲ್ಲ. ವ್ಯಾನಿನ ಎದುರು ಸೀಟಿನಿಂದ ಬಾಗಿ, ನನ್ನ ಲಂಗದ ಅಂಚು ಸರಿಸಿ, ಎಡಗಾಲಿನ ಮೀನಖಂಡವನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿದಳು. ಬಜಾರಿನಲ್ಲಿ ಕುರಿಯ ತೊಡೆ ಕೊಳ್ಳುವವರು ಹಿಂಡಿ ನೋಡುತ್ತಾರಲ್ಲ, ಹಾಗೆ. ಅವಳ ಬೆರಳೆಲ್ಲ ಎಣ್ಣೆ. ಕಾಲುಚೀಲದ ಮೇಲೆ ಜಿಡ್ಡಿನ ಕಲೆ ಉಳಿಯಿತು.

"ಮಾಂಸಾನೇ ಇಲ್ಲ," ಎಂದು ಇಡೀ ವ್ಯಾನಿಗೆ ಕೇಳುವಂತೆ ಹೇಳಿದಳು. "ಬರೀ ಮೂಳೆ."

"ಪಾಪ, ಮುಖ ಚೆಂದಾಗೈತೆ," ಹಿಂದಿನಿಂದ ಯಾರೋ ಅಂದರು. "ಕಾಲು ಸರಿಯಿದ್ದಿದ್ರೆ ಇಷ್ಟೊತ್ತಿಗೆ ಮಕ್ಕಳಾಗಿರೋವು."

"ಈಗ್ಲೂ ಆಗ್ತವೇನೋ. ಕೆಳಗಡೆ ಎಲ್ಲಾ ಸರಿ ಐತೇನವ್ವಾ?"

ನಕ್ಕರು. ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ, "ಸುಲೈಮಾನ್ ಬೆಟ್ಟದ ಜಾರುಬಂಡೆ ಮೇಲೆ ಜಾರಿಸಿದ್ರೋ ಇಲ್ವೋ? ನಮ್ಮ ಚಿಕ್ಕಪ್ಪನ ಮಗನಿಗೆ ಹಂಗೇ ವಾಸಿ ಆಯ್ತು," ಅಂದ.

ಜಾರಿಸಿದ್ದರು. ಚಿಕ್ಕವಳಿದ್ದಾಗ ಪ್ರತಿ ವಸಂತದಲ್ಲೂ ಜಾರಿಸಿದ್ದರು. ಬೆನ್ನು ತರಚಿ ಅಂಗಿಗೆ ಅಂಟಿಕೊಳ್ಳುತ್ತಿತ್ತು. ಇದನ್ನು ನಾನು ಹೇಳಲಿಲ್ಲ. ಮಾತು ಗಂಟಲವರೆಗೂ ಬರುತ್ತದೆ, ಅಲ್ಲೇ ಕೂತುಬಿಡುತ್ತದೆ. ಊರುಗೋಲುಗಳನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ.

ಆ ಹೆಂಗಸಿನ ಪಕ್ಕದಲ್ಲಿ ಬಿಳಿ ಶಾಲು ಹೊದ್ದ ಸೊಸೆ ಕೂತಿದ್ದಳು. ತುಂಬು ಬಸುರಿ. ಕದ್ದು ಕದ್ದು ನನ್ನ ಪಾದ ನೋಡುತ್ತಿದ್ದಳು.

"ಏಯ್ ಗುಲ್ಬರ್ಚಿನ್, ಅತ್ತ ತಿರುಗೇ! ಹೊಟ್ಟೇಲಿ ಕೂಸಿಟ್ಕೊಂಡು ಇಂಥದ್ನ ನೋಡ್ತಾರೇನೇ? ಉಗುಳ್ಕೋ, ಬೇಗ ಉಗುಳ್ಕೋ!"

ಸೊಸೆ ಅಂಗಿಯ ಕೊರಳಪಟ್ಟಿ ಎಳೆದು ಎದೆಯೊಳಗೆ ಉಗುಳಿಕೊಂಡಳು. ತುಫ್, ತುಫ್. ನಾನು ಅವಳಿಗೆ ಅಂಟಬಾರದಲ್ಲ. ಅಷ್ಟರಲ್ಲಿ ವ್ಯಾನು ಗುಂಡಿಗೆ ಇಳಿದು ಎದ್ದಿತು. ಮೂರನೆಯದು ನನ್ನ ಮುಂಗೈ ಮೇಲೆ ಬಿತ್ತು. ಬೆಚ್ಚಗಿತ್ತು. ಅವಳೂ ನೋಡಿದಳು, ನಾನೂ ನೋಡಿದೆ. ಸೀಟಿನ ಬಟ್ಟೆಗೆ ಒರೆಸಿದೆ.

ಅವತ್ತು ಗುರುವಾರ. ಸತ್ತವರಿಗೆ ವಾಸನೆ ಮುಟ್ಟಲಿ ಅಂತ ಓಷ್ ಪಟ್ಟಣದ ಮನೆಮನೆಯಲ್ಲೂ ಬೆಳಗಿನಿಂದ ಎಣ್ಣೆ ಕಾಯುವ ದಿನ. ಹೆಂಗಸು ಚೀಲದಿಂದ ಕರಿದ ರೊಟ್ಟಿಯೊಂದನ್ನು, ತೊಕೋಚನ್ನು, ತೆಗೆದು ನನ್ನ ಮಡಿಲಿಗೆ ಹಾಕಿದಳು. ಎಣ್ಣೆ ಲಂಗದೊಳಕ್ಕೆ ಇಳಿದು ತೊಡೆಗೆ ಅಂಟಿತು.

"ನಮ್ಮ ಯಜಮಾನ್ರ ಹೆಸರಿಂದು. ದುವಾ ಮಾಡು. ನಿಮ್ಮಂಥೋರು ಕೇಳಿದ್ರೆ ದೇವರಿಗೆ ಬೇಗ ಮುಟ್ತೈತೆ."

ವ್ಯಾನಿನವರೆಲ್ಲ ಅಂಗೈ ಬಿಚ್ಚಿ ಕೂತರು. ಡ್ರೈವರು ಹಾಡು ನಿಲ್ಲಿಸಿದ. ನಾನೂ ಅಂಗೈ ಬಿಚ್ಚಿದೆ. ತುಟಿ ಅಲ್ಲಾಡಿಸಿದೆ. ಕೆಂಪು, ಬಿಳಿ, ಕಪ್ಪು, ಹಳದಿ. ಮತ್ತೆ ಕೆಂಪು, ಬಿಳಿ. ಅವತ್ತು ಹೊಲಿಯಬೇಕಿದ್ದ ಬಟ್ಟೆ ಚೂರುಗಳ ಸಾಲು ಅದು. ಬೇರೇನೂ ಬಾಯಿಗೆ ಬರಲಿಲ್ಲ.

"ಓಮಿನ್," ಎಂದು ಎಲ್ಲರೂ ಮುಖ ಸವರಿಕೊಂಡರು.

"ತಿನ್ನು," ಅಂದಳು. "ನನ್ನ ಕಣ್ಣೆದುರಿಗೇ ತಿನ್ನು."

ತಿಂದೆ. ಆ ಎಣ್ಣೆ ಇಳಿಯದೆ ದಿನ ಪೂರ್ತಿ ಗಂಟಲಲ್ಲೇ ನಿಂತಿತ್ತು.

*

ಬುರ್ಮಕಾನ್ ಎಜೆಯ, ಅಂದರೆ ಬುರ್ಮಕಾನ್ ಅಕ್ಕನ, ಅಂಗಡಿ ಹೊಳೆಯ ದಂಡೆಯ ಬೀದಿಯಲ್ಲಿದೆ. ಮದುವೆ ಹೆಣ್ಣಿನ ಜೊತೆ ಹೋಗುವ ಸೆಪ್ಪು, ಅಂದರೆ ಹಾಸಿಗೆ, ರಜಾಯಿ, ದಿಂಬು, ಎಲ್ಲ ಅಲ್ಲಿ ತಯಾರು. ಮುಂದಿನ ಕೋಣೆಯಲ್ಲಿ ನಿಲುವುಗನ್ನಡಿ, ಕಂಬಳಿ, ಕಲ್ಲಿದ್ದಲ ಒಲೆ. ಒಲೆಯ ಪಕ್ಕದ ಪೀಠದ ಮೇಲೆ ಎಜೆಯ ನಾದಿನಿ ಉಲ್ಕಾನ್ ಸೂಜಿ ಹಿಡಿದು ಕೂತಿರುತ್ತಾಳೆ. ಕೆಂಪು ಕೆನ್ನೆ, ಗಟ್ಟಿಮುಟ್ಟಾದ ಗಂಡ, ಮನೆ ತುಂಬ ಮಕ್ಕಳು. ಮದುವೆ ಹಾಸಿಗೆಗೆ ಅಂಥವಳ ಕೈಯೇ ಬೀಳಬೇಕು ಅನ್ನುತ್ತಾರೆ. ವಿಧವೆಯದ್ದು ಬೇಡ, ಬಂಜೆಯದ್ದು ಬೇಡ. ಕುಂಟಿಯ ಮಾತು ಯಾರೂ ಎತ್ತುವುದೂ ಇಲ್ಲ.

ಉಲ್ಕಾನಿಗೆ ಒಂದು ಗುಂಡಿ ಹೊಲಿಯಲೂ ಬರುವುದಿಲ್ಲ.

ಹೊಲಿಯುವವರು ಪರದೆಯ ಹಿಂದಿದ್ದೇವೆ. ಉಣ್ಣೆ ತೊಳೆಯುವ ಕೋಣೆಯಲ್ಲಿ ನಾನು ಮತ್ತು ಬತ್ಮಾ. ಬತ್ಮಾ ನನ್ನ ಸೊಂಟದಷ್ಟೆತ್ತರ, ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವಳು. ಬಜಾರಿನಲ್ಲಿ ಗಂಡಸರು ಹೇಳದೆ ಕೇಳದೆ ಅವಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬನ ಕಿವಿ ಕಚ್ಚಿದ್ದಾಳೆ. ನಾನು ಟೀಚರ್ ಆಗಬೇಕು ಅಂತ ಓದಿದೆ, ಪಾಸೂ ಆದೆ. ಶಾಲೆಯವರು ಮಕ್ಕಳು ಹೆದರುತ್ತಾರೆ ಅಂದರು.

"ಯಾರ ಹೆಣ ತಿಂದ್ಕೊಂಡ್ ಬಂದ್ಯೇ ಇವತ್ತು?" ಲಂಗದ ಮೇಲಿನ ಎಣ್ಣೆ ಕಲೆ ನೋಡಿ ಬತ್ಮಾ ಕೇಳಿದಳು.

"ಯಾರದೋ ಗಂಡನ್ದು."

"ನಂಗೆ ಒಬ್ಬರ ಅತ್ತೆ ಸಿಕ್ಕಿದ್ಲು. ಹಳಸಲು ಮುದುಕಿ, ಥೂ. ಈ ಊರಲ್ಲಿ ಸತ್ತೋರು ಯಾರೂ ಮಣ್ಣಿಗೆ ಹೋಗಿಲ್ಲ ಕಣೇ ಜಿಪಾರ್, ಎಲ್ಲಾ ನಮ್ಮ ಹೊಟ್ಟೇಲೇ ಅವ್ರೆ."

ಆ ಕೋಣೆಯ ನೆಲ ಯಾವಾಗಲೂ ಒದ್ದೆ. ಕುರಿಯ ಉಚ್ಚೆ, ಹಿಕ್ಕೆ, ಜಿಡ್ಡು ಎಲ್ಲ ಸೇರಿ ಬಿಸಿನೀರಿನಲ್ಲಿ ಬಿಚ್ಚಿಕೊಂಡ ನಾತ ಕೂದಲಿಗೆ ಹತ್ತಿದರೆ ಹೋಗುವುದಿಲ್ಲ. ಊರುಗೋಲು ಜಾರುತ್ತದೆ. ಈ ಸಲ ಎಲೆ ಉದುರುವ ಹೊತ್ತಿಗೆ ಜಾರಿ ಬಿದ್ದು ಮೊಣಕೈ ಒಡೆದುಕೊಂಡೆ. ಇನ್ನೊಂದು ಚಳಿಗಾಲ ಇಲ್ಲಿ ಕೂತರೆ ಮೊಣಕಾಲು ಮಡಿಸಲು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿ, ಕೊನೆಗೆ ಎಜೆಯನ್ನು ಕೇಳಿದೆ: ಮುಂದಿನ ಕೋಣೆಯಲ್ಲಿ, ಒಲೆಯ ಹತ್ತಿರ, ಒಂದು ಮೂಲೆ.

ಎಜೆ ಇಲ್ಲ ಅನ್ನಲಿಲ್ಲ. "ಈ ದೊಡ್ಡ ಮನೆಯವರ ಸೆಪ್ಪು ಹೋಗ್ಲಿ ಕಣಮ್ಮ. ಅವರು ಖುಷಿಯಾಗಿ ಎತ್ಕೊಂಡು ಹೋದ್ರೆ ಆ ಮೂಲೆ ನಿಂದೇ. ಗಿರಾಕಿ ಬಂದಾಗ ಮಾತ್ರ ಒಳಗೆ ಹೋಗ್ಬಿಡು."

ಆ ದೊಡ್ಡ ಮನೆಯವರು ಬರುವ ದಿನ ಅದು.

*

ಪರದೆಯಾಚೆ ಬಾಗಿಲು ಸದ್ದಾಯಿತು. ಎಜೆಯ ದನಿ ಬೆಣ್ಣೆಯಾಯಿತು. "ಬನ್ನಿ ಮಾಯ್ರಾಮ್ ಅಪಾ, ಬನ್ನಿ, ಕಂಬಳಿ ಮೇಲೆ ಕೂತ್ಕೊಳ್ಳಿ."

"ವ್ಯಾನಲ್ಲಿ ಬಂದು ಸಾಕಾಯ್ತು ಕಣವ್ವ. ಕಾರು ಕೆಟ್ಟೈತೆ. ಎದುರಿಗೇ ಒಂದು ಕುಂಟಿ ಕೂತಿತ್ತು, ಇವಳು ಬೇರೆ ಬಸುರಿ."

ನನ್ನ ಸೂಜಿ ನಿಂತಿತು. ಬತ್ಮಾ ನನ್ನ ಮುಖ ನೋಡಿದಳು, ಆಮೇಲೆ ಲಂಗದ ಕಲೆ ನೋಡಿದಳು. ತುಟಿ ಮಾತ್ರ ಅಲ್ಲಾಡಿಸಿ ಒಂದು ಹೊಲಸು ಬೈದಳು.

"ನಮ್ಮ ಸೊಸೆ ತೌರಿನವರು ಸೆಪ್ಪು ಮಾಡಿಸಿದ್ದೂ ನಿನ್ನ ಹತ್ರಾನೇ," ಮಾಯ್ರಾಮ್ ಹೇಳುತ್ತಿದ್ದಳು. "ನೋಡು, ಬಂದ ತಿಂಗಳಿಗೇ ಬಸುರು ನಿಂತು ಬಿಡ್ತು! ನಾನವತ್ತೇ ಅಂದೆ, ಮಗಳಿಗೂ ಅದೇ ಕೈ ಬೇಕು ಅಂತ. ಎಲ್ಲಿ, ಕೊಡವ್ವ ಉಲ್ಕಾನ್ ನಿನ್ನ ಕೈ, ಕಣ್ಣಿಗೊತ್ಕೋತೀನಿ."

ಒತ್ತಿಕೊಂಡಳು ಅಂತ ಕಾಣುತ್ತದೆ. ಉಲ್ಕಾನ್ ಕಿಸಕ್ಕನೆ ನಕ್ಕಳು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ, ಎಜೆಯೇ ಹುಟ್ಟುಹಾಕಿದ್ದು. ಹಾಸಿಗೆಯ ಅಂಚಿನಲ್ಲಿ ಒಂದು ಗೇಣು ಹೊಲಿಯದೆ ಬಿಟ್ಟಿರುತ್ತೇವೆ. ಹೆಣ್ಣಿನ ತಾಯಿ ಅದರೊಳಗೆ ಒಂದು ಹಿಡಿ ಬಿಳಿ ಉಣ್ಣೆ, ಒಂದು ಸಕ್ಕರೆ ಗಟ್ಟಿ ಇಡುತ್ತಾಳೆ. ಅವಳೆದುರಿಗೇ ಉಲ್ಕಾನ್ ಅದನ್ನು ಹೊಲಿದು ಮುಚ್ಚುತ್ತಾಳೆ. ಇದಕ್ಕಾಗಿ ಒಂದು ಹಾಸಿಗೆಗೆ ನಾನು ಮೊದಲೇ ದಬ್ಬಳದಿಂದ ತೂತು ಚುಚ್ಚಿ, ದಾರ ಪೋಣಿಸಿ ಇಟ್ಟಿರುತ್ತೇನೆ. ಉಲ್ಕಾನ್ ಎಳೆದರೆ ಸಾಕು.

"ಇದಲ್ಲ," ಅಂದಳು ಮಾಯ್ರಾಮ್. "ಆ ಕೆಂಪು ಹಾಸಿಗೆ ಮುಚ್ಚು. ಮೊದಲ್ನೇ ರಾತ್ರಿ ಹಾಸೋದು ಅದನ್ನೇ."

ಕೆಂಪು ಹಾಸಿಗೆಗೂ ಗೇಣು ಬಿಟ್ಟಿದ್ದೆ, ಆದರೆ ತೂತು ಚುಚ್ಚಿರಲಿಲ್ಲ.

ಪರದೆಯಾಚೆ ಉಲ್ಕಾನ್ "ಅಯ್ಯಮ್ಮಾ!" ಅಂದಳು. ಮರುಕ್ಷಣ ಪರದೆ ಸರಿಸಿ ಎಜೆ ಹಾಸಿಗೆಯನ್ನು ತಬ್ಬಿಕೊಂಡು ನುಗ್ಗಿದಳು. ಬಿಳಿ ಅಂಚಿನ ಮೇಲೆ ರಕ್ತ.

"ಬೆಳಕಲ್ಲಿ ನೋಡ್ಕೊಂಡ್ ಬಂದೆ ಅಪಾ, ಒಂದೇ ನಿಮಿಷ!" ಎಂದು ಹಿಂದಕ್ಕೆ ಕೂಗಿ, ನನ್ನ ಮಡಿಲಿಗೆ ಎಸೆದು, "ಮುಚ್ಚೇ, ಬೇಗ. ಕಲೆ ಮೇಲೆ ಒಂದು ಚೂರು ಬಟ್ಟೆ ಹಾಕು," ಅಂದಳು.

ನಾನು ಲಂಗದ ಎಣ್ಣೆ ಕಲೆಯ ಮೇಲೆ ಒಂದು ಹಳೇ ಬಟ್ಟೆ ಹಾಸಿಕೊಂಡು ಹೊಲಿಯತೊಡಗಿದೆ. ಅರ್ಧ ಗೇಣೂ ಆಗಿರಲಿಲ್ಲ. ಪರದೆ ಮತ್ತೆ ಸರಿಯಿತು. ಯಾರದೋ ಲಂಗ ಎತ್ತಿ ಕಾಲು ಹಿಂಡುವವಳಿಗೆ ಪರದೆ ಯಾವ ಲೆಕ್ಕ?

ಮಾಯ್ರಾಮ್ ಬತ್ಮಾಳನ್ನು ನೋಡಿದಳು. ಗೋಡೆಗೆ ಒರಗಿಸಿದ ಊರುಗೋಲು ನೋಡಿದಳು. ನನ್ನ ಕೈ, ಅದರೊಳಗಿನ ಸೂಜಿ, ಸೂಜಿಯ ಕೆಳಗೆ ಮಗಳ ಹಾಸಿಗೆ. ಅವಳ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು.

"ತುಫ್ ತುಫ್ ತುಫ್! ವ್ಯಾನಿನ ಕುಂಟಿ! ಏಯ್ ಬುರ್ಮಕಾನ್, ನಿನ್ನ ಮನೆ ಹಾಳಾಗ, ನನ್ನ ಮಗಳು ಮಲಗೋ ಹಾಸಿಗೇನ ಈ ಅನಿಷ್ಟದ ಕೈಲಿ ಹೊಲಿಸ್ತಿದ್ಯೇನೇ?"

"ಇಲ್ಲ ಅಪಾ, ಇಲ್ಲ, ದೇವರಾಣೆ," ಎಜೆ ಅವಳ ತೋಳು ಹಿಡಿದಳು. "ಇವು ಕಸ ಗುಡಿಸೋವು. ಕನಿಕರಕ್ಕೆ ಇಟ್ಕೊಂಡಿದೀನಿ. ಇವತ್ತೊಂದೇ ದಿನ, ಏನೋ ಮುಟ್ಟಿಬಿಟ್ಟವೆ..."

"ನಿನ್ನನ್ನ ಹಡೆದೋಳು ಕಸ!" ಅಂದಳು ಬತ್ಮಾ.

"ಬಿಚ್ಚಿಸು," ಮಾಯ್ರಾಮ್ ಅಂದಳು. "ಒಂದೊಂದು ಎಳೇನೂ ಬಿಚ್ಚಿಸು. ನನ್ನ ಕಣ್ಣೆದುರಿಗೇ."

ಎಜೆ ಕತ್ತರಿ ತಂದು ನನ್ನ ಕೈಗಿಟ್ಟಳು. ಬಾಗಿ, ಕಿವಿಯ ಹತ್ತಿರ ಉಸಿರಿದಳು: "ಬಿಚ್ಚಿಬಿಡು ಜಿಪಾರ್. ಸುಮ್ನೆ ತಲೆ ತಗ್ಗಿಸ್ಕೊಂಡು ಬಿಚ್ಚಿಬಿಡು. ಒಲೆ ಪಕ್ಕದ ಮೂಲೆ ನಿಂದೇ. ನನ್ನ ಮಕ್ಕಳಾಣೆ."

ಕತ್ತರಿ ತಣ್ಣಗಿತ್ತು. ಕತ್ತರಿಯನ್ನು ಎಜೆಗೆ ವಾಪಸ್ ಕೊಟ್ಟು ಊರುಗೋಲಿಗೆ ಕೈ ಚಾಚಿದೆ.

"ಎಲ್ಲಿಗೇ?" ಅಂದಳು ಎಜೆ.

ನಾನು ಮುಂದಿನ ಕೋಣೆಗೆ ಹೊರಟೆ. ಬತ್ಮಾ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಹಿಂದೆ ಬಂದಳು. ಕಂಬಳಿಯ ಮೇಲೆ ಊರುಗೋಲಿನ ಒದ್ದೆ ಗುರುತು ಬೀಳುತ್ತ ಹೋಯಿತು. ನೆರಳು ತಾಗೀತೆಂದು ಎಲ್ಲರೂ ಗೋಡೆಗೆ ಸರಿದರು. ಬೆರಳು ಚೀಪುತ್ತಿದ್ದ ಉಲ್ಕಾನ್ ತಾನಾಗಿಯೇ ಎದ್ದಳು. ಆ ಪೀಠದ ಮೇಲೆ ಕೂತೆ. ಒಲೆಯ ಶಾಖ ಮೊಣಕಾಲಿಗೆ ತಾಗಿತು. ಬತ್ಮಾ ಹಾಸಿಗೆಯನ್ನು ನನ್ನ ಮಡಿಲ ಮೇಲೆ ಹರಡಿದಳು. ನಾನು ಉಳಿದ ಅರ್ಧ ಗೇಣು ಹೊಲಿಯತೊಡಗಿದೆ.

"ನೋಡು, ಕೊಬ್ಬು ನೋಡು! ಬಿಚ್ಚು ಅಂದ್ರೆ ಹೊಲೀತಾಳೆ!"

"ದಾಳಿಂಬೆ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಅಂದೆ. "ದಾಳಿಂಬೆ. ನಿಮ್ಮ ಸೊಸೆ ಹಾಸಿಗೆ. ಕೆಂಪು ದಾಳಿಂಬೆ, ಸುತ್ತ ಬಿಳೀದು. ಕಾಲ್ಗಡೆ ತುದೀಲಿ ಒಂದು ಮಾತ್ರ ನೀಲಿ. ಕೆಂಪು ಬಟ್ಟೆ ಸಾಲ್ದೆ ಹೋಗಿತ್ತು."

ಗುಲ್ಬರ್ಚಿನ್ ಬಾಯಿ ತೆರೆದಳು. "ಹೌದು ಅಪಾ," ಅಂದಳು ಮೆಲ್ಲಗೆ. "ನೀಲೀದೊಂದೈತೆ."

"ಅದನ್ನೂ ನಾನೇ ಹೊಲ್ದಿದ್ದು. ಅದರ ಮೇಲೇ ಅಲ್ವಾ ನೀವು..." ಮುಂದಿನ ಮಾತು ನನಗೆ ಬರಲಿಲ್ಲ.

ಬತ್ಮಾಗೆ ಬಂತು. "ಅದರ ಮೇಲೇ ಅಲ್ವೇನೇ ನೀನು ಬಸುರಾಗಿದ್ದು? ಬಂದ ತಿಂಗಳಿಗೇ! ಹೂಂ, ಬಿಚ್ಚಿಸಿ ಅಪಾ. ಇಲ್ಲಿಂದ ಶುರು ಮಾಡ್ತೀರಾ, ಇಲ್ಲ ಇವಳ ಹೊಟ್ಟೆಯಿಂದ್ಲಾ?"

ಮಾಯ್ರಾಮ್ ತಿರುಗಿ ಸೊಸೆಯ ಹೊಟ್ಟೆಯನ್ನು ನೋಡಿದಳು. ವ್ಯಾನಿನಲ್ಲಿ ನನ್ನ ಕಾಲನ್ನು ನೋಡಿದ ಹಾಗೇ ನೋಡಿದಳು. ಗುಲ್ಬರ್ಚಿನ್ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಳು. ಈ ಸಲ ನನ್ನಿಂದಲ್ಲ.

"ನನ್ನ ರೊಟ್ಟಿ ತಿಂದೆ," ಮಾಯ್ರಾಮ್ ನನ್ನ ಮೇಲೇ ಬಂದಳು. ಬಾಯಿಂದ ಕುರಿಕೊಬ್ಬಿನ ವಾಸನೆ ಹೊಡೆಯಿತು. "ನನ್ನ ಗಂಡನ ಹೆಸರಲ್ಲಿ ದುವಾ ಮಾಡಿ, ರೊಟ್ಟಿ ತಿಂದು..."

"ದುವಾ ಮಾಡ್ಲಿಲ್ಲ," ಅಂದೆ. "ಬಟ್ಟೆ ಬಣ್ಣ ಹೇಳ್ಕೋತಿದ್ದೆ. ಕೆಂಪು, ಬಿಳಿ, ಕಪ್ಪು, ಹಳದಿ."

ಅವಳು ಉಸಿರು ಎಳೆದುಕೊಂಡಳು. ಬಿಡಲಿಲ್ಲ.

ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದೆ. ಗೇಣು ಮುಚ್ಚಿತ್ತು. ತಲೆಯೆತ್ತಿ ಅವಳನ್ನು ನೋಡಿದೆ. ಮೊದಲು ತಲೆವಸ್ತ್ರ, ಆಮೇಲೆ ಬೊಜ್ಜಿನ ಕೊರಳು, ಎಣ್ಣೆ ಬೆರಳು, ಊದಿದ ಕಾಲು, ಮತ್ತೆ ನಿಧಾನವಾಗಿ ಮೇಲಕ್ಕೆ. ನನ್ನನ್ನು ಎಲ್ಲರೂ ನೋಡುವುದು ಹೀಗೆಯೇ, ಆದ್ದರಿಂದ ನನಗೆ ಬರುತ್ತಿತ್ತು. ನೋಡಿ ಮುಗಿದ ಮೇಲೆ ನನ್ನ ಅಂಗಿಯ ಕೊರಳಪಟ್ಟಿ ಎಳೆದೆ.

ತುಫ್.

ಎಜೆ ಕತ್ತರಿ ಹಿಡಿದುಕೊಂಡು ಪರದೆಯ ಹತ್ತಿರವೇ ನಿಂತಿದ್ದಳು.

ತುಫ್. ತುಫ್.

ಬೆಚ್ಚಗೆ ಎದೆಯ ನಡುವೆ ಇಳಿಯಿತು. ಒರೆಸಿಕೊಳ್ಳಲಿಲ್ಲ.