ಕುಮಾಂಡರ್ ಮನೆಯ ಸಿಪಾಯಿ

ಇಲೋಯಿಲೋ ನಗರದ ಲಾ ಪಾಸ್ ಮಾರುಕಟ್ಟೆಯ ಹಿಂದಿನ ಹೊಲಿಗೆ ಅಂಗಡಿಯಲ್ಲಿ ಸಂಜೆ ತಿಂಡಿಯ ಹೊತ್ತಿಗೆ ಯಂತ್ರಗಳ ಸದ್ದು ನಿಂತು ನಗುವಿನ ಸದ್ದು ಏಳುತ್ತಿತ್ತು. ಸಕ್ಕರೆ ಹಾಕಿ ಕರಿದ ಬಾಳೆಹಣ್ಣಿನ ಕಡ್ಡಿ ಹಿಡಿದು ಹೆಂಗಸರೆಲ್ಲ ಎಡ್ನಾಳ ಸುತ್ತ ಕೂರುತ್ತಿದ್ದರು. ಎಡ್ನಾ ಹಿರಿಯಳು, ಹಾಗಾಗಿ ಎಲ್ಲರಿಗೂ ಮಾನಾಂಗ್, ಅಂದರೆ ಅಕ್ಕ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಫೋನನ್ನು ದೂರ ಹಿಡಿದು, ಅವಳು 'ಕುಮಾಂಡರ್ ಮನೆಯ ಸಿಪಾಯಿ' ಎಂಬ ಫೇಸ್‌ಬುಕ್ ಪುಟವನ್ನು ಓದಿ ಹೇಳುವಳು. ಗಂಡಸರು ಗೆಳೆಯರ ಮುಂದೆ ಹೆಂಡತಿಯನ್ನು ಕುಮಾಂಡರ್ ಅನ್ನುವುದು ಅಲ್ಲಿ ಹಳೆಯ ತಮಾಷೆ. ಹೆಸರು ಹೇಳದ ಈ ಸಿಪಾಯಿ ಅದನ್ನೇ ಬಂಡವಾಳ ಮಾಡಿಕೊಂಡಿದ್ದ.

"ಕೇಳ್ರೇ, ಕೇಳ್ರೇ. 'ನಮ್ಮ ಕುಮಾಂಡರ್ ಊಟಕ್ಕೆ ಕರೆಯೋದಿಲ್ಲ. ವೈಫೈ ಪ್ಲಗ್ ಕೀಳ್ತಾಳೆ. ಇಡೀ ಪಡೆ ತಟ್ಟೆ ಹಿಡ್ಕೊಂಡು ಹಾಜರ್!'"

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಜೋವೆಲಿನ್. "ಅಯ್ಯೋ, ನಾನೂ ಹಾಗೇ ಮಾಡೋದು ಮಾನಾಂಗ್! ಇನ್ನೊಂದು ಓದಿ."

"'ಕುಮಾಂಡರ್ ತನ್ನ ಗಿಡಗಳನ್ನ ಊಟ ಆಯ್ತಾ ಅಂತ ಕೇಳ್ತಾಳೆ. ನನ್ನನ್ನ ಕೇಳಿ ವರ್ಷ ಆಯ್ತು. ನಾಳೆಯಿಂದ ನಾನೂ ಕುಂಡದಲ್ಲಿ ನಿಲ್ಲೋಣ ಅಂತಿದ್ದೀನಿ.'"

ಜೋವೆಲಿನ್‌ಗೆ ಬೆಳಗಾದರೆ ಮಕ್ಕಳ ಬುತ್ತಿ, ಆಮೇಲೆ ಶಾಲೆಯ ಸಮವಸ್ತ್ರಗಳ ಗುಡ್ಡ, ಮನೆಗೆ ಹೋದರೆ ಮತ್ತೆ ಒಲೆ. ಇಂಥ ದಿನದಲ್ಲಿ ಅವಳು ಮೈಮರೆತು ನಗುತ್ತಿದ್ದುದು ಇದೊಂದಕ್ಕೇ. ಕೇಳಿದ್ದನ್ನು ಮನೆಗೆ ಹೋಗಿ ಗಂಡ ರೋಮೆಲ್‌ಗೆ ಒಪ್ಪಿಸುವಳು. ಹಾರ್ಡ್‌ವೇರ್ ಅಂಗಡಿಯಿಂದ ಸಿಮೆಂಟಿನ ಧೂಳು ಹೊತ್ತು ಬಂದ ರೋಮೆಲ್, ಮೊದಲ ಸಲ ಕೇಳಿದವನಂತೆ ತೊಡೆ ತಟ್ಟಿಕೊಂಡು ನಗುವನು. "ಭಲೇ ಆಸಾಮಿ ಕಣೇ ಅವನು, ಗಾ!" ಪಾಲಂಗಾ, ಅಂದರೆ ಮುದ್ದು, ಅನ್ನುವುದರ ಬಾಲ ಈ 'ಗಾ'. ಮನೆಯಲ್ಲಿ ಅವನು ಅವಳನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಒಂದು ದಿನ ಎಡ್ನಾ ಓದಿದಳು. "'ನಮ್ಮ ಫ್ರೀಜರ್‌ನಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಇದೆ. ಯಾರೂ ಆಸೆಪಡಬೇಡಿ. ನಮ್ಮ ದೇಶದಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಐಸ್‌ಕ್ರೀಮ್ ಒಂದು ಬಿಟ್ಟು ಎಲ್ಲಾ ಇರುತ್ತೆ.'"

ನಗು ಎದ್ದಿತು. ಯಾರ ಮನೆಯಲ್ಲಿ ಇಲ್ಲ? ಒಬ್ಬರ ಡಬ್ಬಿಯಲ್ಲಿ ಒಣಮೀನು, ಇನ್ನೊಬ್ಬರದರಲ್ಲಿ ಸೂಜಿದಾರ. ಜೋವೆಲಿನ್ ಬಾಯಿ ತುಂಬ ಬಾಳೆಹಣ್ಣು ಇಟ್ಟುಕೊಂಡೇ ನಕ್ಕಳು.

"'ಆದ್ರೆ ಇದನ್ನ ಮುಟ್ಟಿದ್ರೆ ಗುಂಡೇಟು. ಒಳಗಿರೋದು ನಮ್ಮತ್ತೆ ಮಾಡಿದ ಕೊನೇ ಸಾರು. ಅತ್ತೆ ಸ್ವರ್ಗಕ್ಕೆ ಹೋದ್ರು, ಸಾರು ಇಲ್ಲೇ ಉಳೀತು. ಕುಮಾಂಡರ್ ದಿನಾ ಅದರ ಮೇಲೆ ಕೈಯಿಟ್ಟು, ನಾನಾಯ್, ಅಮ್ಮಾ, ಹೋಗ್ಬರ್ತೀನಿ ಅಂತಾಳೆ. ಅತ್ತೆ ಬದುಕಿದ್ದಾಗಲೂ ನನ್ನ ಜೊತೆ ಇಷ್ಟೇ ತಣ್ಣಗಿದ್ರು!'"

ಸುತ್ತಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಜೋವೆಲಿನ್‌ಳ ನಗು ಆಗಲೇ ಹೊರಟುಬಿಟ್ಟಿತ್ತು. ಅದು ಮುಗಿಯುವ ಮುಂಚೆ ಅರ್ಥ ಬಂದು ತಲುಪಿತು. ಅಮ್ಮ ಊರಿಂದ ಬಂದಿದ್ದಾಗ ಮಾಡಿದ ತೊಗರಿ, ಹಂದಿಮಾಂಸ, ಎಳೆ ಹಲಸಿನ ಸಾರು. ಮಿಕ್ಕದ್ದನ್ನು ಡಬ್ಬಿಗೆ ಹಾಕಿ, "ಕೆಲಸ ಜಾಸ್ತಿ ಇದ್ದ ದಿನ ಬಿಸಿ ಮಾಡ್ಕೊ" ಎಂದು ಹೇಳಿ ಬಸ್ಸು ಹತ್ತಿದವಳು ಮತ್ತೆ ಬರಲಿಲ್ಲ. ಆ ಡಬ್ಬಿಯ ಸಂಗತಿಯನ್ನು ಜೋವೆಲಿನ್ ಒಬ್ಬನಿಗೆ ಮಾತ್ರ ಹೇಳಿದ್ದಳು. ಹೇಳುವಾಗ ಅವನು ಅವಳ ಕೈ ಹಿಡಿದುಕೊಂಡಿದ್ದ.

"ಮಾನಾಂಗ್, ಆ ಪುಟ ಯಾರದು?"

ಎಡ್ನಾಳ ನಗು ಅರ್ಧಕ್ಕೆ ನಿಂತಿತು. "ಏನ್ ತಮಾಷೆ ಮಾಡ್ತೀಯೇ? ನಿನ್ನ ಗಂಡಂದೇ ಅಲ್ವಾ? ಇಡೀ ಬೀದಿಗೆ ಗೊತ್ತು. ನಿಂಗೊತ್ತಿದ್ದೇ ನಗ್ತೀಯ ಅಂದ್ಕೊಂಡಿದ್ವಿ. ಎಂಥಾ ದೊಡ್ಡ ಮನಸ್ಸಪ್ಪಾ ಇವಳದು ಅಂತ ನಾವೇ ಮಾತಾಡ್ಕೋತಿದ್ವಿ."

ಬೀದಿಯ ಹುಡುಗರು "ಕುಮಾಂಡರ್, ಸಲಾಂ!" ಅನ್ನುತ್ತಿದ್ದುದು, ಮೀನಿನವಳು ಮುಗುಳ್ನಕ್ಕು ಹೆಚ್ಚಿಗೆ ಒಂದು ಮೀನು ಹಾಕುತ್ತಿದ್ದುದು, ಎಲ್ಲಕ್ಕೂ ಈಗ ಅರ್ಥ ಸಿಕ್ಕಿತು. ತನ್ನ ಗತ್ತಿಗೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದಳು.

ಮನೆಗೆ ಬಂದಾಗ ರೋಮೆಲ್ ಬೆಳ್ಳುಳ್ಳಿ ಸುಲಿಯುತ್ತಿದ್ದ.

"ಇವತ್ತು ಸಿಪಾಯಿ ಏನಂದ?" ಎಂದು ಅವನೇ ಕೇಳಿದ.

"ಅತ್ತೆ ತಣ್ಣಗಿದ್ರು ಅಂದ."

ಬೆಳ್ಳುಳ್ಳಿ ಕೈಯಲ್ಲೇ ನಿಂತಿತು. "ಗಾ... ಎಲ್ಲೂ ನಿನ್ನ ಹೆಸರು ಹಾಕಿಲ್ಲ ಕಣೇ."

"ಹೆಸರು ಹಾಕಿದ್ರೆ ಬೇಜಾರಿರ್ತಿರ್ಲಿಲ್ಲ. ಜೋವೆಲಿನ್‌ಗಳು ಬೀದಿಗೊಬ್ಬರು ಸಿಗ್ತಾರೆ. ಆ ಡಬ್ಬಿ ಒಂದೇ ಇರೋದು."

"ಜನಕ್ಕೆ ನೀನಂದ್ರೆ ಪ್ರಾಣ. ಬಂದು ಓದು, ಏನೇನ್ ಬರೀತಾರೆ ಅಂತ..."

"ನಾನು ಮನೆಗೆ ಬಂದು ನಿನ್ನ ಜೋಕನ್ನೇ ನಿಂಗೆ ಹೇಳ್ತಿದ್ದೆ. ನೀನು ನಗ್ತಿದ್ದೆ. ಯಾವುದಕ್ಕೆ ನಗ್ತಿದ್ದೆ, ರೋಮೆಲ್?"

ಅವನು ಬೆಳ್ಳುಳ್ಳಿ ಕೆಳಗಿಟ್ಟ. ಅವಳ ಎದುರಿಗೇ ಫೋನು ತೆಗೆದು ಡಬ್ಬಿಯ ಬರಹವನ್ನು ಅಳಿಸಿದ. ಅವನ ಕಣ್ಣು ತುಂಬಿತ್ತು, ಬೆಳ್ಳುಳ್ಳಿಗೆ ಯಾರ ಕಣ್ಣೂ ತುಂಬುವುದಿಲ್ಲ. "ತಪ್ಪಾಯ್ತು. ಅದು ನಿಂಗೆ ಅಷ್ಟು ಮುಖ್ಯ ಅಂತ ಗೊತ್ತಾಗ್ಲಿಲ್ಲ. ದಿನವಿಡೀ ಮೊಳೆ ತೂಗಿ ತೂಗಿ ಸಾಕಾಗುತ್ತೆ ಗಾ. ನನ್ನ ಮಾತಿಗೆ ನಾಲ್ಕು ಜನ ನಗ್ತಾರೆ ಅನ್ನೋದೊಂದೇ ನಂಗಿದ್ದ ಹುಚ್ಚು."

ಆ ಮಾತು ನಿಜವೆಂದು ಅವಳಿಗೆ ತಿಳಿಯಿತು. ಅದಕ್ಕೇ ಪಕ್ಕದಲ್ಲಿ ಕುಳಿತಳು. ಮದುವೆಯಾದಾಗಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಯಾರಿಗೂ ಹೇಳದ್ದನ್ನು ಅವನಿಗೇ ಹೇಳಿದಳು. ಕರೆಂಟು ಹೋದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ; ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಅಮ್ಮ ಕರಗಿಹೋಗದಿರಲಿ ಎಂದು ಪ್ರಾರ್ಥಿಸುತ್ತಾಳೆ; ಸಾರು ಎಂದು ಬಾಯಿಗೆ ಬರುವುದಿಲ್ಲ, ಅಮ್ಮ ಎಂದೇ ಬರುತ್ತದೆ.

ರೋಮೆಲ್ ಅವಳ ಕೈ ಹಿಡಿದು ಕೇಳಿಸಿಕೊಂಡ.

ಮರುದಿನ ತಿಂಡಿಯ ಹೊತ್ತಿಗೆ ಎಡ್ನಾ ಓದಲಿಲ್ಲ. ಫೋನನ್ನು ಜೋವೆಲಿನ್‌ಳ ಕೈಗಿಟ್ಟು, "ನೀನೇ ಓದ್ಕೊ, ತಂಗೀ. ನಾನಂತೂ ಅತ್ತುಬಿಟ್ಟೆ," ಎಂದಳು.

ಸಿಪಾಯಿ ಕುಮಾಂಡರ್‌ಳ ಕ್ಷಮೆ ಕೇಳಿದ್ದ. ಅದರಲ್ಲಿ ಬೆಳ್ಳುಳ್ಳಿಯೂ ಇತ್ತು. ಕರೆಂಟು ಹೋದಾಗ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತ ಪ್ರಾರ್ಥಿಸುವ ಹೆಂಗಸು ಇದ್ದಳು. 'ಅಮ್ಮ ಕರಗಿಹೋಗದಿರಲಿ' ಎಂಬಲ್ಲಿಗೆ ಬರಹ ಮುಗಿದಿತ್ತು. ಅಡಿಯಲ್ಲಿ ಈ ಸಲ ನಗುವ ಮುಖಗಳಿರಲಿಲ್ಲ. ಕೆಂಪು ಹೃದಯಗಳು ಸಾಲುಗಟ್ಟಿದ್ದವು, ಅವಳು ನೋಡುತ್ತಿದ್ದಂತೆಯೇ ಇನ್ನಷ್ಟು ಬಂದವು. ಬಹಳ ಚೆನ್ನಾಗಿ ಬರೆದಿದ್ದ. ಅವನು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿತ್ತು.

ಫೋನನ್ನು ಹಿಂದಿರುಗಿಸಿ ಅವಳು ಯಂತ್ರದ ಮುಂದೆ ಕುಳಿತಳು.

ಸಂಜೆ ರೋಮೆಲ್ ಬಾಗಿಲಲ್ಲೇ ಕಾಯುತ್ತಿದ್ದ, ಪಾಸಾದ ಹುಡುಗನಂತೆ. "ಓದಿದ್ಯಾ?"

"ಓದಿದೆ."

"ಮತ್ತೆ? ಹೇಗನಿಸ್ತು? ಯಾಕೆ ಸುಮ್ಮನಿದ್ದೀಯ? ಮನಸ್ಸಲ್ಲಿ ಏನಿದೆ ಹೇಳು ಗಾ, ನಂಗೆ ಹೇಳದೆ ಇನ್ಯಾರಿಗೆ ಹೇಳ್ತೀಯ?"

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೇಳಲು ಬಹಳವಿತ್ತು.

"ಏನಿಲ್ಲ," ಎಂದಳು. "ಅನ್ನಕ್ಕಿಡ್ತೀನಿ. ಮಕ್ಕಳನ್ನ ಕರಿ."