ನಡುವಿನ ಕದ

ಸುಭದ್ರಾಬಾಯಿ ತೊಗರಿ ಚೀಲದ ಎರಡೂ ತುದಿ ಹಿಡಿದು ಜಗ್ಗಿದಳು. ಚೀಲ ಅಲುಗಲಿಲ್ಲ. ಅದರ ಹಿಂದಿನ ಕದವನ್ನು ಆಚೆಯಿಂದ ಶಾಹೀನ ಬಡಿಯುತ್ತಿದ್ದಳು. ಸಂದಿಯಿಂದ ಹೊಗೆ ದೇವರ ಕೋಣೆಗೆ ನುಗ್ಗತೊಡಗಿತ್ತು.

ಅಫಜಲಪುರದ ಆ ಮನೆಯ ಮುಂಭಾಗವನ್ನು ಶಾಹೀನಳಿಗೂ ಅವಳ ಅತ್ತೆ ಶಮ್ಸುನ್ನಿಸಾಳಿಗೂ ಬಾಡಿಗೆಗೆ ಕೊಟ್ಟ ದಿನವೇ ಸುಭದ್ರಾಬಾಯಿ ನಡುವಿನ ಕದಕ್ಕೆ ಕೀಲಿ ಜಡಿದಿದ್ದಳು. ಪೂಜೆಯ ಜಾಗದಲ್ಲಿ ಬೇರೆಯವರ ಓಡಾಟ ಅವಳಿಗೆ ಬೇಡವಾಗಿತ್ತು. ಬೀದಿ ಬಾಗಿಲ ಮೇಲಿನ ಮೀಟರಿನಲ್ಲಿ ಕಿಡಿ ಹಾರುತ್ತದೆಂದು ಶಾಹೀನ ಹೇಳಿದಾಗ, ತೊಗರಿ ರಾಶಿ ಮುಗಿಯಲಿ, ಕರೆಂಟಿನವನನ್ನು ಕರೆಸುತ್ತೇನೆ ಎಂದಿದ್ದಳು. ರಾಶಿ ಮುಗಿಯಿತು, ಚೀಲಗಳು ಬಂದು ಕದಕ್ಕೆ ಒರಗಿದವು, ಮಾತು ಮರೆತುಹೋಯಿತು. ಈಗ ಬೀದಿ ಬಾಗಿಲೇ ಹೊತ್ತಿ ಉರಿಯುತ್ತಿತ್ತು.

ಕುಡಗೋಲು ತಂದು ಚೀಲಗಳನ್ನು ಸೀಳಿದಳು. ತೊಗರಿ ನೆಲಕ್ಕೆಲ್ಲ ಸುರಿಯಿತು. ಕೀಲಿಕೈ ಎಲ್ಲಿಟ್ಟಿದ್ದಳೋ ನೆನಪಾಗಲಿಲ್ಲ. ರುಬ್ಬುವ ಗುಂಡುಕಲ್ಲು ಎತ್ತಿ, ಕೊಂಡಿ ಕಿತ್ತು ಬರುವವರೆಗೂ ಕುಟ್ಟಿದಳು. ಶಾಹೀನ ಅತ್ತೆಯನ್ನು ಎಳೆದುಕೊಂಡು ಬಂದಳು. ಚೆಲ್ಲಿದ ಕಾಳಿನ ಮೇಲೆ ಜಾರುತ್ತ ಮೂವರೂ ಹಿತ್ತಲು ಸೇರಿದರು.

ಕಲಬುರಗಿಯ ದವಾಖಾನೆಯಲ್ಲಿ ಮುದುಕಿಯ ಜೀವ ಉಳಿಯಿತು. ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಸುಭದ್ರಾಬಾಯಿ ವೈರೆಲ್ಲ ಹೊಸದಾಗಿ ಎಳೆಸಿ, ಸುಟ್ಟ ಬೀದಿ ಬಾಗಿಲಿಗೆ ಹೊಸ ಕದ ಕೂಡಿಸಿದಳು. ಅವರಿನ್ನು ಬರಲಾರರು ಎಂದೇ ತಿಳಿದಿದ್ದಳು. ಆದರೆ ಶಾಹೀನ ಮನೆ ನೋಡಲು ಬಂದಳು. ಗೋಡೆಯ ಸುಣ್ಣ, ಹೊಸ ಮೀಟರು ಯಾವುದನ್ನೂ ನೋಡದೆ ನಡುವಿನ ಕದದ ಎದುರು ನಿಂತಳು.

"ಅಗಳಿ ನಮ್ಮ ಕಡಿ ಇರಬೇಕ್ರಿ ಅಮ್ಮಾ. ನಿಮ್ಮ ಕಡಿ ಕೀಲಿ ಬ್ಯಾಡ."

"ಅದು ದೇವರ ಕೋಣಿ ಅದ, ಶಾಹೀನ."

"ಗೊತ್ತದರಿ. ಅವತ್ತ ಹೊಗಿಯೊಳಗ ನಮ್ಮತ್ತಿ ದೇವರನ್ನ ಕರೀಲಿಲ್ರಿ. ನಿಮ್ಮ ಹೆಸರ ಹಿಡದು ಕರದ್ಳು."

ಮರುದಿನ ಸುಭದ್ರಾಬಾಯಿ ಬಡಿಗನನ್ನು ಕರೆಸಿ ತನ್ನ ಕಡೆಯ ಕೊಂಡಿಯಲ್ಲಿ ಉಳಿದದ್ದನ್ನೂ ಕೀಳಿಸಿ, ಆಚೆ ಕಡೆಗೆ ಅಗಳಿ ಕೂಡಿಸಿದಳು. ತೊಗರಿಯನ್ನು ಮಾರಲು ಅಡತಿ ಅಂಗಡಿಗೆ ಕಳಿಸಿ ಕೋಣೆ ಖಾಲಿ ಮಾಡಿದಳು.

ಅವರು ಮರಳಿದ ಮೇಲಿನ ಒಂದು ಸೋಮವಾರ ಬೆಳಗ್ಗೆ ಅವಳು ಲಿಂಗಪೂಜೆಗೆ ಕುಳಿತಿದ್ದಾಗ ಆಚೆ ಅಗಳಿ ಸರಿದ ಸದ್ದಾಯಿತು. ಹಿತ್ತಲ ದಾರಿಯನ್ನು ರೂಢಿ ಮಾಡಿಕೊಳ್ಳಲೆಂದು ಶಮ್ಸುನ್ನಿಸಾ ಗೋಡೆ ಹಿಡಿದು, ಏದುಸಿರು ಬಿಡುತ್ತ ಬಂದಳು. ಸುಭದ್ರಾಬಾಯಿ ಅಂಗೈಯ ಲಿಂಗವನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಪೂಜೆಯ ಮಣೆಯನ್ನು ಗೋಡೆಯತ್ತ ಎಳೆದು ದಾರಿ ಬಿಟ್ಟಳು. ಮುದುಕಿಯ ಸೆರಗು ವಿಭೂತಿ ಗಟ್ಟಿಯನ್ನು ಸವರಿಕೊಂಡು, ಅಂಚಿಗೆ ಬಿಳಿ ಹತ್ತಿಸಿಕೊಂಡು, ಬಿಸಿಲಿಗೆ ಹೊರಟುಹೋಯಿತು.