ಹಸುವಿನ ಕಿವಿ, ಮಗುವಿನ ಕಿವಿ

ದನದ ಹಟ್ಟಿಯಲ್ಲಿ ಹಸು ಕೂಗಿದರೆ ಮನೆಯವರೆಲ್ಲ ಓಡಿ ಬರುತ್ತಾರೆ. ಪಕ್ಕದ ಕಟ್ಟಿಗೆ ಕೋಣೆಯಲ್ಲಿ ಮಗು ಕೂಗಿದರೆ ಬಾಗಿಲಿಗೆ ಚಿಲಕ ಹಾಕುತ್ತಾರೆ. ಇಂಥ ಮನೆ ನಮ್ಮ ಊರಲ್ಲಿ ಇಲ್ಲ ಎನ್ನುವವರು ಒಮ್ಮೆ ತಮ್ಮ ನೆರೆಕರೆಯನ್ನು ಕಣ್ಣು ಬಿಟ್ಟು ನೋಡಲಿ.

ಕಾಪುವಿನ ಹತ್ತಿರದ ಗುಣವತಿಯ ಮನೆ ಅಂಥದ್ದೇ. ಇದು ೧೯೭೯ರ ಮಾತು. ಮನೆಯಲ್ಲಿ ಗಂಡ ಶೀನ, ಗಂಡನ ತಂಗಿ ಪಂಕಜಾ, ಏಳು ವರ್ಷದ ಮಗಳು ಜಲಜ. ಜಲಜಳಿಗೆ ಮಾತು ಬರುತ್ತಿರಲಿಲ್ಲ. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಆಗ ಪಂಕಜಾಳಿಗೆ ಸಂಬಂಧ ನೋಡುತ್ತಿದ್ದರು.

"ಮನೆಯಲ್ಲಿ ಪೆದ್ದು ಮಗು ಉಂಟು ಅಂತ ಗೊತ್ತಾದರೆ ನನ್ನ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?" ಎಂದಿದ್ದ ಶೀನ.

ಅಂದಿನಿಂದ ಅಂಗಳಕ್ಕೆ ಹೊಸಬರು ಕಾಲಿಟ್ಟರೆ ಸಾಕು, ಜಲಜ ಕಟ್ಟಿಗೆ ಕೋಣೆಯೊಳಗೆ. ಚಿಲಕ ಹಾಕುವವಳು ಹೆತ್ತ ತಾಯಿಯೇ.

ಆ ವರ್ಷ ಬ್ಯಾಂಕಿನ ಸಾಲದಲ್ಲಿ ಮನೆಗೆ ಒಂದು ಮಿಶ್ರತಳಿಯ ಹಸು ಬಂದಿತ್ತು. ಸಾಲ ಕೊಟ್ಟ ಮೇಲೆ ಹಸು ಹೇಗಿದೆ ಎಂದು ಬ್ಯಾಂಕಿನವರು ಬಂದು ನೋಡುವುದು ಪದ್ಧತಿ. ಬಂದವರು ವನಜಾಕ್ಷಿ ಮೇಡಂ. ಅಧಿಕಾರಿ ಎಂದು ಕುರ್ಚಿಯಲ್ಲಿ ಕೂತು ಬೊಂಡದ ಎಳನೀರು ಕುಡಿದು ಹೋಗುವವರಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಹಟ್ಟಿಗೇ ನುಗ್ಗಿದರು.

ಶೀನನಿಗೆ ಹೆಮ್ಮೆಯೋ ಹೆಮ್ಮೆ. "ನೋಡಿ ಮೇಡಂ, ಕಿವಿಯಲ್ಲಿ ವಿಮೆಯ ಬಿಲ್ಲೆ. ಚುಚ್ಚಿದಲ್ಲಿ ಸ್ವಲ್ಪ ಕೀವಾಗಿತ್ತು. ಪಶು ಡಾಕ್ಟರನ್ನು ಎರಡು ಸಲ ಕರೆಸಿದೆ. ಈಗ ಎಂತ ತೊಂದರೆಯೂ ಇಲ್ಲ."

ಅಷ್ಟರಲ್ಲಿ ಪಕ್ಕದ ಬಾಗಿಲನ್ನು ಯಾರೋ ಒಳಗಿನಿಂದ ದಬದಬ ಬಡಿದರು.

"ಅದೆಂತ ಸದ್ದು?"

"ಎಂತ ಇಲ್ಲ, ಬೆಕ್ಕು," ಎಂದಳು ಗುಣವತಿ.

ಮೇಡಂ ಚಿಲಕ ತೆಗೆದರು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಜಲಜ ಹೊರಗೆ ಬಂದಳು. ತಲೆಯ ತುಂಬ ತೆಂಗಿನ ನಾರು, ಜೇಡರ ಬಲೆ.

"ಇದಾ ನಿಮ್ಮ ಬೆಕ್ಕು?" ಮೇಡಂ ಸಿಟ್ಟಿನಿಂದ ಕೇಳಿದರು. ಕರೆದರೂ ಮಗು ಅವರತ್ತ ತಿರುಗಲಿಲ್ಲ. "ಇವಳಿಗೆ ಕಿವಿ ಕೇಳುತ್ತದಾ?"

"ಕೇಳದೆ ಎಂತ? ಎಲ್ಲ ಹಠ ಮೇಡಂ. ಪೆದ್ದು ಬೇರೆ," ಎಂದ ಶೀನ.

"ಯಾವ ಡಾಕ್ಟರು ಹೇಳಿದ್ದು?"

ಗುಣವತಿ, "ನಾಗನಿಗೆ ತಂಬಿಲದ ಪೂಜೆ ಕೊಟ್ಟಿದ್ದೇವೆ," ಎಂದಳು.

"ಕೊಡಿ. ನಾನೂ ಕೊಡುವವಳೇ. ಆದರೆ ಹಸುವಿನ ಕಿವಿ ಕೀವಾದಾಗ ಬರೇ ತಂಬಿಲ ಕೊಟ್ಟು ಕೂತಿದ್ದಿರಾ? ಡಾಕ್ಟರನ್ನು ಕರೆಸಿದಿರಿ, ಅಲ್ವಾ? ಹಸುವಿನ ಕಿವಿಗೆ ಎರಡು ಸಲ ಡಾಕ್ಟರು. ಮಗಳ ಕಿವಿಗೆ ಏಳು ವರ್ಷದಲ್ಲಿ ಒಂದು ಸಲವೂ ಇಲ್ಲ! ನಾಚಿಕೆ ಆಗುವುದಿಲ್ವಾ ನಿಮಗೆ?"

ಮೇಡಂ ಮಗುವಿನ ತಲೆಯ ನಾರನ್ನು ಒಂದೊಂದಾಗಿ ತೆಗೆಯುತ್ತಲೇ ತಮ್ಮ ಸಂಗತಿ ಹೇಳಿದರು. ಸಾಲದ ಹಸು ನೋಡಲು ಅವರು ಕಾರ್ಕಳದಿಂದ ಹೂಡೆಯವರೆಗೆ ಎಷ್ಟೋ ಹಟ್ಟಿ ಹೊಕ್ಕವರು. ನೆಂಟರು ಮುಂಬದಿಯ ಚಾವಡಿಯಿಂದಲೇ ತಿರುಗಿ ಹೋಗುತ್ತಾರೆ, ಮನೆಯ ಹಿಂಬದಿ ಕಾಣುವುದು ಹಸು ನೋಡಲು ಬಂದವರಿಗೆ. ಅಲ್ಲೆಲ್ಲ ಇಂಥ ಮಕ್ಕಳು. ಕಂಡು ಕಂಡು ತಡೆಯಲಾಗದೆ, ಬ್ಯಾಂಕಿನ ಗೆಳೆಯರಾದ ಭುಜಂಗ, ಪ್ಯಾಟ್ರಿಕ್ ಅವರನ್ನು ಸೇರಿಸಿಕೊಂಡು ಒಂದು ಸಂಸ್ಥೆ ಕಟ್ಟಿದರು. ತಮ್ಮ ಸಂಬಳದಲ್ಲೇ ಪರ್ಕಳದಲ್ಲಿ ಬಾಡಿಗೆಗೆ ಕೋಣೆ ಹಿಡಿದು ಶಾಲೆ ತೆರೆದರು. ಕಿವಿ ಕೇಳದ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರು ಅಲ್ಲಿದ್ದಾರೆ. ಫೀಸು ಇಲ್ಲ. ಬಸ್ಸಿನ ಖರ್ಚೂ ಸಂಸ್ಥೆಯದೇ.

"ಮೊದಲು ಮಣಿಪಾಲದ ಆಸ್ಪತ್ರೆಯಲ್ಲಿ ಕಿವಿ ತೋರಿಸಿ. ಈಗಾಗಲೇ ತಡವಾಗಿದೆ. ಇನ್ನೂ ತಡ ಮಾಡಿದರೆ ಮಾತು ಕಲಿಸುವುದು ಕಷ್ಟ," ಎಂದು ಹೇಳಿ ಮೇಡಂ ಹೊರಟುಹೋದರು.

ಗುಣವತಿ ಕೊತಕೊತ ಕುದಿದಳು. ಹಸು ನೋಡಲು ಬಂದವಳಿಗೆ ನಮ್ಮ ಮಗುವಿನ ಉಸಾಬರಿ ಎಂತಕ್ಕೆ? ಕಿವಿ ಕೇಳುವುದಿಲ್ಲವಂತೆ! ತೋರಿಸಿಯೇ ಬಿಡುತ್ತೇನೆ ಎಂದು ಕಂಚಿನ ಹರಿವಾಣ, ಸೌಟು ಹಿಡಿದುಕೊಂಡು ಅಂಗಳಕ್ಕೆ ಇಳಿದಳು.

ಜಲಜ ಬೆನ್ನು ಹಾಕಿ ಕೂತು ತೆಂಗಿನ ಗೆರಟೆಗಳನ್ನು ಸಾಲಾಗಿ ಇಡುತ್ತಿದ್ದಳು. ಗುಣವತಿ ಹಿಂದೆ ನಿಂತು ಹರಿವಾಣ ಬಡಿದಳು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಹಟ್ಟಿಯಲ್ಲಿ ಹಸು ಬೆದರಿ ಹಗ್ಗ ಜಗ್ಗಿತು. ಪಂಕಜಾ ಒಳಗಿನಿಂದ ಓಡಿ ಬಂದಳು.

ಜಲಜ ಇನ್ನೊಂದು ಗೆರಟೆ ಇಟ್ಟಳು.

ಗುಣವತಿಯ ಕೈಯಿಂದ ಹರಿವಾಣ ಜಾರಿತು. ಹೋದ ವಾರ ಇದೇ ಅಂಗಳದಲ್ಲಿ ಶೀನ ಮಗುವಿಗೆ ಬೆತ್ತದಲ್ಲಿ ಹೊಡೆದಿದ್ದ. ಕರೆದರೂ ಬರಲಿಲ್ಲ ಎಂಬ ತಪ್ಪಿಗೆ. ಕಾಲಿನ ಬರೆ ಇನ್ನೂ ಮಾಸಿರಲಿಲ್ಲ. ಯಾಕೆ ಪೆಟ್ಟು ತಿನ್ನುತ್ತಿದ್ದೇನೆ ಎಂದೇ ಆ ಮಗುವಿಗೆ ತಿಳಿದಿರಲಿಲ್ಲ.

ಶೀನ ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದ. "ನೋಡಿದಿರಾ?" ಎಂದು ಗುಣವತಿ ಕಿರುಚಿದಳು. "ಹಸುವಿಗೂ ಕೇಳಿತು! ನನ್ನ ಮಗಳಿಗೆ ಕೇಳಲಿಲ್ಲ. ಹೊಡೆದಿರಲ್ಲ, ಕೂಡಿ ಹಾಕಿದೆನಲ್ಲ! ಇನ್ನು ಆ ಬಾಗಿಲಿಗೆ ಚಿಲಕ ಬಿದ್ದರೆ ಈ ಮನೆಯಲ್ಲಿ ನಾನಿಲ್ಲ."

"ನಾಳೆಯೇ ಹೋಗುವ ಮಾರಾಯ್ತಿ," ಎಂದ ಶೀನ.

ಮಣಿಪಾಲದಲ್ಲಿ ಪರೀಕ್ಷೆ ಮಾಡಿ, ಒಂದು ಕಿವಿಯಲ್ಲಿ ಕೇಳುವ ಶಕ್ತಿ ಸ್ವಲ್ಪ ಉಳಿದಿದೆ, ಯಂತ್ರ ಹಾಕಬಹುದು ಎಂದರು. ಬುದ್ಧಿಗೆ ಏನೂ ಆಗಿಲ್ಲ ಎಂದರು. ಗುಣವತಿ ಮಗಳ ಕೈ ಹಿಡಿದು ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಪರ್ಕಳಕ್ಕೆ ಇನ್ನೊಂದು ಬಸ್ಸು ಹತ್ತತೊಡಗಿದಳು.

ಮಳೆಗಾಲ ಕಳೆದ ಮೇಲೆ ಉದ್ಯಾವರದಿಂದ ಪಂಕಜಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಜಲಜ ಚಾವಡಿಯ ನಡುವೆಯೇ ಕೂತಿದ್ದಳು, ಕಿವಿಯಲ್ಲಿ ಯಂತ್ರ. "ಇದು ಯಾರು?" ಎಂದು ಅವರು ಕೇಳಿದರು. ಶೀನ ಹೆಂಡತಿಯ ಮುಖ ನೋಡಿದ. ಪಂಕಜಾ ಮುಂದೆ ಬಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ನನ್ನ ಮಗಳು," ಎಂದಳು ಗುಣವತಿ. "ಕಿವಿ ಮಂದ. ಶಾಲೆಗೆ ಹೋಗುತ್ತಾಳೆ."

ತಾಯಿಯ ತುಟಿಯನ್ನೇ ನೋಡುತ್ತಿದ್ದ ಜಲಜ, "ಅಮ್ಮ," ಎಂದಳು. ಆ ಮಾತು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಆದರೂ ಚಾವಡಿಯಲ್ಲಿದ್ದವರೆಲ್ಲರಿಗೂ ತಿಳಿಯಿತು.

ಆ ಸಂಬಂಧ ಕುದುರಿತಾ ಎಂದು ಕೇಳುತ್ತೀರಿ, ಅಲ್ವಾ? ಸಿಟ್ಟು ಬರುವುದು ಇಲ್ಲಿಯೇ. ಮಗು ಮೊದಲ ಮಾತು ಆಡಿದೆ, ನಿಮಗೆ ಸಂಬಂಧದ್ದೇ ಚಿಂತೆ! ಈ ಚಿಂತೆಯೇ ಆ ಬಾಗಿಲಿಗೆ ಚಿಲಕ ಹಾಕಿದ್ದು.

ಅಪ್ಪ ಅಮ್ಮಂದಿರೇ, ಇವತ್ತೇ ನಿಮ್ಮ ಮಗುವಿನ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ತಿರುಗದಿದ್ದರೆ ಹೊಡೆಯಬೇಡಿ, ಬಚ್ಚಿಡಬೇಡಿ, ಬೆಳೆದಂತೆ ಸರಿಯಾದೀತು ಎಂದು ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿ. ತಿರುಗಿದರೂ ಮಾತು ತಡವಾಗುತ್ತಿದ್ದರೆ ತೋರಿಸಿ. ನೆರೆಮನೆಯ ಹಿಂಬದಿಯಲ್ಲಿ ಬಾಗಿಲು ಬಡಿಯುವ ಸದ್ದು ಕೇಳಿದರೆ ಬೆಕ್ಕು ಎಂದು ಸುಮ್ಮನಾಗಬೇಡಿ. ನಿಮಗಂತೂ ಕಿವಿ ಕೇಳುತ್ತದೆಯಲ್ಲ? ಹೋಗಿ ಚಿಲಕ ತೆಗೆಯಿರಿ.